ಕತ್ತಿಯ ಅಲಗು, ಪೇಯದ ಬಟ್ಟಲು

ಕತ್ತಿ ಎಂದೊಡನೆ ಸಾಹಿತ್ಯವನ್ನೋದಿ ಬೆಳೆದ ನಮ್ಮ ಮನಸ್ಸಿಗೆ ರಣರಂಗ ನೆನಪಾಗುತ್ತದೆ. ಪಾನ ಎಂದೊಡನೆ ಒಂದೋ ಅರಮನೆಯ ಉಪ್ಪರಿಗೆ, ಇಲ್ಲವೇ ಊರ ಹೊರಗಿನ ಹೆಂಡದಂಗಡಿ. ಒಂದು ವೀರಕ್ಕೆ ಸೇರಿದ್ದು, ಇನ್ನೊಂದು ವಿಲಾಸಕ್ಕೆ ಸೇರಿದ್ದು ಎಂದು ಅಲಂಕಾರಶಾಸ್ತ್ರದ ಗೂಡುಗಳಲ್ಲಿ ಅವೆರಡನ್ನೂ ಬೇರೆ ಬೇರೆ ಇಟ್ಟು ನಾವು ನಿಶ್ಚಿಂತರಾಗಿದ್ದೇವೆ. ನಾನಾದರೋ ಹಳೆಯ ಕತ್ತಿಗಳನ್ನು ಕೂಡಿಡುವ ಹವ್ಯಾಸದವನು. ಜೊತೆಗೆ ಒಳ್ಳೆಯ ಪಾನೀಯವನ್ನು ಸಾವಧಾನವಾಗಿ ಸವಿಯುವ ಚಪಲವೂ ಉಂಟು. ಈ ಎರಡು ಗೀಳುಗಳು ಒಬ್ಬನಲ್ಲೇ ಹೇಗೆ ಕೂಡಿದವೆಂದು ಸ್ನೇಹಿತರು ಹಾಸ್ಯ ಮಾಡುವುದುಂಟು. ಅವು ನನ್ನಲ್ಲಿ ಕೂಡಿದ್ದಲ್ಲ. ಮೊದಲಿನಿಂದಲೂ ಕೂಡಿಯೇ ಇದ್ದವು, ನಡುವೆ ಯಾರೋ ಅಗಲಿಸಿದರು ಎಂಬುದು ನನ್ನ ಪಕ್ಷ. ಅದನ್ನೇ ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ನನ್ನ ಪಕ್ಷಕ್ಕೆ ದೊಡ್ಡ ಸಾಕ್ಷಿಯೊಬ್ಬನಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ಮೂರನೆಯದರಲ್ಲಿ ಅನ್ನಭೋಗ, ಪಾನೀಯಭೋಗ, ನಾಲ್ಕನೆಯದರಲ್ಲಿ ಶಸ್ತ್ರವಿನೋದ, ಐದನೆಯದರಲ್ಲಿ ಮದಿರಾಪಾನದ ಕ್ರೀಡೆ. ಅರಸನಾದವನು ನೀರಿನ ರುಚಿಯನ್ನೂ ಅರಿಯಬೇಕು, ಅಲಗಿನ ಗುಣವನ್ನೂ ಅರಿಯಬೇಕು. ಎರಡೂ ಮನಸ್ಸನ್ನು ಉಲ್ಲಾಸಗೊಳಿಸುವ ವಿದ್ಯೆಗಳೇ ಎಂದು ಆತ ಎಣಿಸಿದಂತಿದೆ. ಆದರೆ ಅರಸರ ಮಾತು ಅರಸರಿಗೆ. ಘಟ್ಟದ ಮೇಲಿನ ನಮ್ಮಂಥವರ ಕತೆ ಬೇರೆ. ಇಲ್ಲಿ ಕತ್ತಿ ವಿನೋದದ ವಸ್ತುವಲ್ಲ, ಪೇಯ ಕ್ರೀಡೆಯೂ ಅಲ್ಲ. ಇಲ್ಲಿ ಕತ್ತಿ ಆಡದೆ ಬಟ್ಟಲು ತುಂಬದು.

ಶಿರಸಿ ಸೀಮೆಯ ಮತ್ತಿಘಟ್ಟದ ಹೆಸರನ್ನೇ ನೋಡಿ. ಅದರಲ್ಲಿ ಘಟ್ಟವೂ ಇದೆ, ಮತ್ತಿಯ ಮರವೂ ಇದೆ. ಮೊಸಳೆಯ ಬೆನ್ನಿನಂತೆ ಸೀಳುಬಿಟ್ಟ ಕಪ್ಪು ತೊಗಟೆಯ ಈ ಮರಕ್ಕೊಂದು ವಿಚಿತ್ರ ಗುಣ. ಕೆಲವು ಮರಗಳ ಕಾಂಡದೊಳಗೆ ನೀರು ಸಂಗ್ರಹವಾಗಿ ತೊಗಟೆ ಗಂಟಿನಂತೆ ಉಬ್ಬಿರುತ್ತದೆ. ಬೇಸಗೆಯಲ್ಲಿ ಕಾಡು ತಿರುಗುವವರು ಆ ಉಬ್ಬನ್ನು ಗುರುತಿಸಿ ಕತ್ತಿಯ ಏಟು ಹಾಕಿದರೆ ನೀರು ಚಿಮ್ಮುತ್ತದೆ. ಸ್ವಲ್ಪ ಒಗರು, ಆದರೆ ಬಾಯಾರಿದವನಿಗೆ ಅದಕ್ಕಿಂತ ದೊಡ್ಡ ಪಾನಕ ಬೇರೆ ಯಾವುದಿದ್ದೀತು? ಘಟ್ಟದ ಅತಿ ಪುರಾತನವಾದ ಪೇಯ ಇದೇ ಇರಬೇಕೆಂದು ನಾನು ನಂಬಿದ್ದೇನೆ. ಒಂದು ಮರ, ಒಂದು ಏಟು, ಒಂದು ಬೊಗಸೆ.

ಅಡಿಕೆ ತೋಟದ ನಾಡು ಕತ್ತಿಗಳ ನಾಡೂ ಹೌದು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಸೋದೆ ಶಿರಸಿಗಳ ಹೈಗ ಬ್ರಾಹ್ಮಣರ ತೋಟಗಳನ್ನು, ಅಡಿಕೆ ಮೆಣಸು ಏಲಕ್ಕಿಗಳ ಬೇಸಾಯವನ್ನು ಸವಿಸ್ತಾರವಾಗಿ ಬರೆದಿದ್ದಾನೆ. ಅಂಥ ತೋಟವೊಂದು ವರ್ಷವಿಡೀ ಬಾಳಬೇಕಾದರೆ ಹಲವು ಬಗೆಯ ಅಲಗುಗಳು ಬೇಕು. ಬೆಟ್ಟದ ಸೊಪ್ಪು ಸವರುವುದಕ್ಕೆ ಒಂದು, ಬೇಲಿ ಕಡಿಯುವುದಕ್ಕೆ ತುದಿ ಬಾಗಿದ ಕೊಕ್ಕೆಗತ್ತಿ, ಮರದಿಂದ ಮರಕ್ಕೆ ತೂಗಿಕೊಂಡು ಹೋಗುವ ಕೊನೆಗೌಡನಿಗೆ ಹಗುರವಾದ ಇನ್ನೊಂದು, ಅಂಗಳದಲ್ಲಿ ಹಸಿ ಅಡಿಕೆ ಸುಲಿಯುವುದಕ್ಕೆ ಮೆಟ್ಟುಗತ್ತಿ, ಜಗಲಿಯ ಕವಳದ ತಟ್ಟೆಗೆ ಅಡಕತ್ತರಿ. ಸಂಗ್ರಹಕಾರರು ಸಾಮಾನ್ಯವಾಗಿ ಮರುಳಾಗುವುದು ಈ ಕೊನೆಯದಕ್ಕೆ. ಕುದುರೆ, ಗಿಳಿ, ದಂಪತಿಗಳ ಆಕಾರದ ಹಿತ್ತಾಳೆಯ ಅಡಕತ್ತರಿಗಳನ್ನು ನೋಡಬೇಕಾದರೆ ಪುಣೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯಕ್ಕೆ ಹೋಗಬೇಕು. ನನಗೆ ಅವುಗಳಲ್ಲಿ ಅಷ್ಟು ಮೋಹವಿಲ್ಲ. ಕೆಲಸ ಮಾಡಿ ಸವೆದ, ಹಿಡಿ ಬೆವರಿನಿಂದ ಕಪ್ಪಾದ, ಮಸೆದು ಮಸೆದು ಅರ್ಧಚಂದ್ರನಷ್ಟೇ ಉಳಿದ ಅಲಗುಗಳೇ ನನಗೆ ಪ್ರಿಯ. ಒಂದು ಕತ್ತಿ ಎಲ್ಲಿ ಸವೆದಿದೆ ಎಂಬುದನ್ನು ನೋಡಿದರೆ ಅದು ಯಾರ ಕೈಯಲ್ಲಿತ್ತು, ಏನನ್ನು ಕೊಯ್ದಿತು ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ಮೆಟ್ಟುಗತ್ತಿಯ ವಿಷಯಕ್ಕೆ ಬರೋಣ. ಇದು ನಿಂತ ಕತ್ತಿ. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದರೆ ಅಲಗು ಅಲುಗುವುದಿಲ್ಲ, ಕಾಯಿಯೇ ಅಲಗಿನ ಕಡೆಗೆ ಬರುತ್ತದೆ. ಗಂಡಸರ ಕತ್ತಿ ಬೀಸುವಂಥದ್ದು. ಹೆಂಗಸರ ಕೈಯಲ್ಲಿ ಸವೆದದ್ದು ಹೆಚ್ಚಾಗಿ ಈ ನಿಂತ ಕತ್ತಿ. ಬೀಸುವ ಕತ್ತಿಗೆ ಹಾಡು, ಕತೆ, ವೀರಗಲ್ಲು ಎಲ್ಲವೂ ಇವೆ. ನಿಂತ ಕತ್ತಿಯ ಚರಿತ್ರೆಯನ್ನು ಬರೆದವರಿಲ್ಲ. ಅಡಿಕೆ ಸುಲಿತದ ಕಾಲದಲ್ಲಿ ಅರ್ಧರಾತ್ರಿಯ ತನಕ ಮೆಟ್ಟುಗತ್ತಿಗಳ ಸಾಲಿನ ಮುಂದೆ ಕುಳಿತವರ ಕಣ್ಣೆಚ್ಚರಕ್ಕೆ ದೊಡ್ಡ ಪಾತ್ರೆಯಲ್ಲಿ ಕಷಾಯ ಕುದಿಯುತ್ತಿತ್ತು. ಕೊತ್ತಂಬರಿ, ಜೀರಿಗೆ, ಮೆಂತೆ, ಮೆಣಸುಗಳನ್ನು ಹುರಿದು ಕುಟ್ಟಿದ ಪುಡಿ, ಬೆಲ್ಲ, ಮೇಲೆ ಹಾಲು. ಚಹ ಕಾಫಿಗಳು ಈ ಕಷಾಯವನ್ನು ಹಿಂದೆ ಹಾಕಿದ್ದು ಪೇಟೆಯ ಪ್ರಭಾವದಿಂದಲೇ ಹೊರತು ರುಚಿಯ ಬಲದಿಂದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಪ್ಪದವರು ಒಮ್ಮೆ ನಮ್ಮ ಮನೆಗೆ ಬರಬಹುದು.

ಅದೇ ಮೆಟ್ಟುಗತ್ತಿ ಬೇಸಗೆಯ ಕೊನೆಯಲ್ಲಿ ಇನ್ನೊಂದು ಕೆಲಸಕ್ಕೆ ಇಳಿಯುತ್ತದೆ. ಮುರುಗಲು ಹಣ್ಣಾಗುವ ಕಾಲ ಅದು. ಮಂಗಳೂರಿನವರು ಪುನರ್ಪುಳಿ ಎನ್ನುವ, ಕೊಂಕಣದವರು ಕೋಕಂ ಎನ್ನುವ ಈ ಹಣ್ಣನ್ನು ಮಳೆ ಹಿಡಿಯುವುದರೊಳಗೆ ಹೆಚ್ಚಿ ಮುಗಿಸಬೇಕು. ಹಣ್ಣನ್ನು ಎರಡು ಹೋಳು ಮಾಡಿ ಬೀಜದ ತಿರುಳನ್ನು ತೆಗೆದು, ಬಟ್ಟಲಿನಂಥ ಸಿಪ್ಪೆಗೆ ಸಕ್ಕರೆ ತುಂಬಿ ಭರಣಿಯಲ್ಲಿ ಒತ್ತೊತ್ತಾಗಿ ಜೋಡಿಸಿ ಬಿಸಿಲಿಗಿಟ್ಟರೆ ಕೆಲವು ದಿನಗಳಲ್ಲಿ ಸಿಪ್ಪೆ ಕುಗ್ಗಿ ಕಡುಗೆಂಪು ರಸ ಮೇಲೆ ನಿಲ್ಲುತ್ತದೆ. ಇಲ್ಲಿ ಕತ್ತಿಯ ಗುಣ ಪೇಯದ ಗುಣವನ್ನು ನಿರ್ಧರಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಮೊಂಡು ಅಲಗು ಹಣ್ಣನ್ನು ಜಜ್ಜುತ್ತದೆ, ಅರ್ಧ ರಸ ಮಣೆಯ ಮೇಲೆಯೇ ಹರಿದುಹೋಗುತ್ತದೆ. ಹಣ್ಣಿನ ಹುಳಿ ಕಬ್ಬಿಣವನ್ನು ತಿನ್ನುವುದರಿಂದ ದಿನದ ಕೆಲಸ ಮುಗಿದೊಡನೆ ಅಲಗನ್ನು ತೊಳೆದು ಒರಸಿ ಎಣ್ಣೆ ಸವರಬೇಕು. ನನ್ನಲ್ಲಿರುವ ಮೆಟ್ಟುಗತ್ತಿಯೊಂದರ ಅಲಗಿನ ನಡುಭಾಗದಲ್ಲಿ ಬೆರಳಗಲ ಸವೆತವಿದೆ. ಮೇಲೆ ಸಣ್ಣ ಸಣ್ಣ ಕಪ್ಪು ಕುಳಿಗಳಿವೆ. ಸವೆತ ಅಡಿಕೆಯದು, ಕುಳಿಗಳು ಮುರುಗಲಿನವು.

ಅಪ್ಪೆಮಿಡಿಯ ಹುಳಿ, ಆಲೆಮನೆಯ ಕಬ್ಬಿನ ಹಾಲು ಇವುಗಳ ಬಗ್ಗೆ ಹೆಚ್ಚು ಹೇಳಹೋಗುವುದಿಲ್ಲ. ಅವನ್ನು ಹೊಗಳುವವರು ಈಗ ಬೇಕಾದಷ್ಟು ಜನರಿದ್ದಾರೆ. ಕೋಣ ಕಟ್ಟಿ ತಿರುಗಿಸುವ ಗಾಣದ ಬಳಿ ಚಳಿಗಾಲದ ಸಂಜೆ ಶುಂಠಿ ಲಿಂಬೆ ಬೆರೆಸಿದ ಹಾಲು ಕುಡಿಯದವನು ಶಿರಸಿಯನ್ನು ಕಂಡಿಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ. ಏಕೆಂದರೆ ನನ್ನ ಮುಖ್ಯ ವಿಷಯ ಬೇರೊಂದು ಪೇಯ, ಬೇರೊಂದು ಕತ್ತಿ. ಸಭ್ಯರ ಜಗಲಿಗಳಲ್ಲಿ ಎರಡರ ಹೆಸರನ್ನೂ ತಗ್ಗಿದ ದನಿಯಲ್ಲಿ ಹೇಳುವುದು ವಾಡಿಕೆ.

ಅದು ಬಗನಿಯ ಹೆಂಡ. ಬಗನಿ ಅಥವಾ ಬೈನೆ ಎಂಬ ಈ ತಾಳೆಜಾತಿಯ ಮರ ಘಟ್ಟದ ಕಾಡಿನ ಒಂದು ಸೊಬಗು. ಮೀನಿನ ಬಾಲದಂಥ ಎಲೆ, ಕುದುರೆಯ ಬಾಲದಂತೆ ಜೋಲುವ ಹೂಗೊಂಚಲು. ಹಣ್ಣು ಮುಟ್ಟಿದರೆ ತುರಿಕೆ. ಲಿನೀಯಸ್ ಪಂಡಿತ 1753ರಲ್ಲಿ ಇದಕ್ಕೆ ಹೆಸರಿಡುವಾಗ ‘ಉರಿಸುವಂಥದ್ದು’ ಎಂಬರ್ಥದ ಲ್ಯಾಟಿನ್ ಪದವನ್ನು ಸೇರಿಸಿದ. ಈ ಮರದ ಬದುಕಿನಲ್ಲಿ ಕರುಣೆ ಹುಟ್ಟಿಸುವ ಒಂದು ಸಂಗತಿಯುಂಟು. ಹತ್ತು ಹದಿನೈದು ವರ್ಷ ಸುಮ್ಮನೆ ಬೆಳೆದು, ತಿರುಳಿನಲ್ಲಿ ಪಿಷ್ಟವನ್ನು ಕೂಡಿಟ್ಟು, ಕೊನೆಗೆ ತುದಿಯಲ್ಲಿ ಮೊದಲ ಗೊಂಚಲು ಬಿಡುತ್ತದೆ. ಆಮೇಲೆ ಅದರ ಕೆಳಗೊಂದು, ಅದರ ಕೆಳಗೊಂದು, ಹೀಗೆ ಕೆಳಗಿಳಿಯುತ್ತ ಬಂದು ಕೊನೆಯ ಗೊಂಚಲು ಮುಗಿದಾಗ ಮರವೇ ಸಾಯುತ್ತದೆ. ಬರಗಾಲದಲ್ಲಿ ಬಡವರು ಆ ತಿರುಳನ್ನೇ ಕುಟ್ಟಿ ಹಿಟ್ಟು ಮಾಡಿ ತಿಂದಿದ್ದಾರೆ. ಹೂವಾಗುವ ಮೊದಲು ಆ ಸಂಚಿತ ಸಂಪತ್ತನ್ನು ರಸವಾಗಿ ಪಡೆಯುವುದೇ ಹೆಂಡ ಇಳಿಸುವವನ ವಿದ್ಯೆ. ಸಿಂಹಳದಲ್ಲಿ ಇದೇ ಮರ ‘ಕಿತುಲ್’ ಎನಿಸಿಕೊಂಡಿದೆ; ಅದರ ರಸವನ್ನು ಕಾಯಿಸಿದ ಪಾಕಕ್ಕೆ ಅಲ್ಲಿ ಒಳ್ಳೆಯ ಗೌರವವಿದೆ.

ವಿದ್ಯೆ ಎಂದೆ. ಆ ಮಾತನ್ನು ಹಗುರವಾಗಿ ಹೇಳಿದ್ದಲ್ಲ. ಬಿರಿಯದ ಗೊಂಚಲನ್ನು ಕಟ್ಟಿ, ದಿನಗಟ್ಟಲೆ ಹದವಾಗಿ ತಟ್ಟಿ, ತುದಿಯಿಂದ ಬೆಳಿಗ್ಗೆ ಸಂಜೆ ಒಂದೊಂದು ತೆಳು ಪದರವನ್ನು ಸೀಳಬೇಕು. ಪದರ ದಪ್ಪವಾದರೆ ಗೊಂಚಲು ಬೇಗ ಮುಗಿದುಹೋಗುತ್ತದೆ. ಅಲಗು ಮೊಂಡಾದರೆ ರಸನಾಳಗಳು ಜಜ್ಜಿ ಮುಚ್ಚಿಕೊಳ್ಳುತ್ತವೆ. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲೇ ನಮ್ಮೂರ ಕಡೆಯ ಒಬ್ಬ ಮುದುಕರು ತಮ್ಮ ಮಾತಿನಲ್ಲಿ ಹೇಳಿದ್ದರು: “ಕತ್ತಿ ಮೊಂಡಾದ್ರೆ ಮರ ಮುನಿಸ್ಕಂತದೆ ಹೆಗಡೇರೇ, ಮತ್ತೆ ಎಷ್ಟ್ ಬೇಡ್ಕಂಡ್ರೂ ಹನಿ ಬಿಡೂದಿಲ್ಲ.” ಗಡಿಗೆಯ ಒಳಗೆ ಸುಣ್ಣ ಬಳಿದಿದ್ದರೆ ಇಳಿದದ್ದು ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿ ಬೆಲ್ಲ ಮಾಡಬಹುದು. ಸುಣ್ಣವಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿಯೊಡೆದು ಹೆಂಡವಾಗುತ್ತದೆ. ಬೆಳಗಿನ ಜಾವದ ಹೊಸ ಹೆಂಡಕ್ಕೂ ಸಂಜೆಯ ಹೆಂಡಕ್ಕೂ ಇರುವ ಅಂತರ ರಾಗಭೇದದಷ್ಟು ಸೂಕ್ಷ್ಮ. ಮಲೆನಾಡಿನ ಪೇಯಗಳಲ್ಲಿ ನಿಜವಾಗಿ ‘ಉತ್ತಮ’ವೆನಿಸಿಕೊಳ್ಳತಕ್ಕದ್ದು ಇದೊಂದೇ ಎಂದು ಹೇಳಿದರೆ ನನ್ನ ಕೆಲವು ಬಂಧುಗಳಿಗೆ ಕೋಪ ಬಂದೀತು. ಇರಲಿ.

ಈ ವಿದ್ಯೆ ಯಾರದು? ಉತ್ತರ ಕನ್ನಡದಲ್ಲಿ ಇದನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದವರನ್ನು ಹಳೆಯ ಬರಹಗಳು ಹಳೇಪೈಕರೆಂದು ಕರೆಯುತ್ತವೆ. ಇಂದು ನಾಮಧಾರಿಗಳು, ದೀವರು ಎಂಬ ಹೆಸರುಗಳಲ್ಲಿ ಅವರು ಪ್ರಸಿದ್ಧರು. ಹೆಸರಿನ ಅರ್ಥವೇನು? ಪಾಯಿಕ ಎಂದರೆ ಕಾಲಾಳು. ಹಳೆಯ ಕಾಲಾಳುಗಳು, ಅಂದರೆ ಹಿಂದಿನ ಅರಸರ ಪದಾತಿಗಳು ಎಂಬ ನಿರ್ವಚನವನ್ನು ದಕ್ಷಿಣ ಭಾರತದ ಜಾತಿಗಳ ಬಗ್ಗೆ 1909ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾನೆ. ಕುಲನಾಮಗಳ ನಿರ್ವಚನದಲ್ಲಿ ಅಭಿಮಾನದ ಪಾಲೂ ಇರುತ್ತದೆ ಎಂಬುದನ್ನು ಬಲ್ಲೆ. ಆದರೆ ಇಲ್ಲಿ ಒಂದೇ ಹೆಸರಿನ ಮೇಲೆ ನಿಲ್ಲಬೇಕಾಗಿಲ್ಲ. ತುಳುನಾಡಿನಲ್ಲಿ ಕಳ್ಳು ಇಳಿಸುತ್ತಿದ್ದ ಸಮುದಾಯದ ಹೆಸರು ಬಿಲ್ಲವ. ಅದನ್ನು ಬಿಲ್ಲಿನವರು ಎಂದು ಬಿಡಿಸುತ್ತಾರೆ. ಅವರ ವೀರರಾದ ಕೋಟಿ ಚೆನ್ನಯರ ಗರಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುವುದು ‘ಸುರಿಯ’ ಎಂಬ ಅಲಗು. ಇನ್ನೂ ದಕ್ಷಿಣಕ್ಕೆ ಹೋದರೆ ಉತ್ತರ ಮಲಬಾರಿನ ಹಾಡುಗಳಲ್ಲಿ ಅಂಕಕ್ಕಿಳಿದು ಕಾದುವ ಚೇಕವರೂ ಇಂಥದೇ ಹಿನ್ನೆಲೆಯವರು. ಶರಾವತಿಯಿಂದ ವಡಗರೆಯ ತನಕ ಮರವೇರಿ ಪೇಯ ಇಳಿಸುವ ಕೈಯೂ ಯುದ್ಧದಲ್ಲಿ ಅಲಗು ಹಿಡಿದ ಕೈಯೂ ಒಂದೇ ಎಂದು ಜನರ ನೆನಪು ಸಾರುತ್ತಿರುವಾಗ ಅದನ್ನು ಕಾಕತಾಳೀಯವೆಂದು ತಳ್ಳಿಬಿಡುವುದು ನನಗೆ ಕಷ್ಟ. ಎತ್ತರಕ್ಕಂಜದ ದೇಹ, ದಿನವೂ ಮಸೆದ ಕತ್ತಿ, ಕಾಡುದಾರಿಗಳ ಪರಿಚಯ, ಸ್ವಂತ ಭೂಮಿಯ ಕಟ್ಟಿಲ್ಲದ ಬದುಕು; ಪಾಳೆಯಗಾರನೊಬ್ಬನಿಗೆ ತುರ್ತಿನಲ್ಲಿ ಸೈನ್ಯ ಬೇಕಾದರೆ ಇನ್ನೆಲ್ಲಿ ಹುಡುಕಿಯಾನು?

ಬಸವಣ್ಣನವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವನೊಬ್ಬನಿದ್ದನೆಂಬುದನ್ನೂ ಇಲ್ಲಿ ನೆನೆಯಬಹುದು. ಕಾಯಕದ ಹೆಸರನ್ನೇ ತನ್ನ ಹೆಸರಾಗಿ ಧರಿಸಿ ವಚನಕಾರನೆನಿಸಿಕೊಂಡವನು ಆತ. ಹನ್ನೆರಡನೆಯ ಶತಮಾನಕ್ಕೆ ನಾಚಿಕೆಯಾಗದ ಆ ಹೆಸರು ಮುಂದೆ ನಮಗೇಕೆ ಮುಜುಗರವಾಯಿತು?

ಉತ್ತರದ ಒಂದು ಭಾಗ 1878ನೆಯ ಇಸವಿಯಲ್ಲಿದೆ ಎಂದು ನನಗನ್ನಿಸುತ್ತದೆ. ಈ ವರ್ಷವನ್ನು ನಮ್ಮ ಪಠ್ಯಪುಸ್ತಕಗಳು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ ಕಾಯಿದೆಗಾಗಿ ನೆನೆಯುತ್ತವೆ. ಪತ್ರಿಕೆ ಓದದ ಕಾಡಿನ ಜನರಿಗೆ ತಟ್ಟಿದ್ದು ಅದೇ ವರ್ಷದ ಬೇರೆ ಮೂರು ಕಾಯಿದೆಗಳು. ಕನ್ನಡ ಜಿಲ್ಲೆಯ ಉತ್ತರ ಭಾಗ 1862ರಲ್ಲೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದ್ದರಿಂದ ಮುಂಬಯಿ ಸರಕಾರ 1878ರಲ್ಲಿ ಮಾಡಿದ 5ನೆಯ ಕಾಯಿದೆ, ಅಂದರೆ ಅಬಕಾರಿ ಕಾಯಿದೆ, ನಮಗೂ ಅನ್ವಯವಾಯಿತು. ಹಿಂದೂಸ್ಥಾನ ಸರಕಾರದ 7ನೆಯ ಕಾಯಿದೆ ಅರಣ್ಯಕ್ಕೆ ಸಂಬಂಧಿಸಿದ್ದು. 11ನೆಯದು ಶಸ್ತ್ರಾಸ್ತ್ರಗಳದು. ಮೂರನ್ನೂ ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳು ಬೇರೆ ಬೇರೆ ಉದ್ದೇಶಗಳಿಂದ ಬರೆದರು. ಆದರೆ ಘಟ್ಟದ ಮೇಲಿನ ಒಬ್ಬ ಹಳೇಪೈಕನ ದೃಷ್ಟಿಯಿಂದ ನೋಡಿ. ಒಂದು ಕಾಯಿದೆ ಅವನ ಪೇಯವನ್ನು ತೆಗೆದುಕೊಂಡಿತು, ಇನ್ನೊಂದು ಅವನ ಮರವನ್ನು, ಮತ್ತೊಂದು ಅವನ ಅಜ್ಜನ ಕತ್ತಿಯನ್ನು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಸ್ತ್ರ ಕಾಯಿದೆ ‘ಆಯುಧ’ವೆಂದರೆ ಬಂದೂಕು, ಸನೀನು, ಖಡ್ಗ, ಕಠಾರಿ, ಭರ್ಜಿ, ಬಿಲ್ಲು ಬಾಣ ಎಂದು ಪಟ್ಟಿ ಮಾಡಿ, ಅವಕ್ಕೆ ಪರವಾನಗಿಯ ಬೇಲಿ ಹಾಕಿತು. ಕೊಯ್ಯುವ ಕತ್ತಿ ಆ ಪಟ್ಟಿಯಲ್ಲಿಲ್ಲ. ಹೀಗೆ ಒಂದೇ ಕುಲುಮೆಯಲ್ಲಿ, ಒಬ್ಬನೇ ಆಚಾರಿಯ ಸುತ್ತಿಗೆಯಡಿಯಲ್ಲಿ ಹುಟ್ಟಿದ ಅಲಗುಗಳಲ್ಲಿ ಕೆಲವು ಆಯುಧಗಳಾದವು, ಉಳಿದವು ಹತ್ಯಾರಗಳಾದವು. ಅರಣ್ಯ ಕಾಯಿದೆ ಕಾದಿಟ್ಟ ಕಾಡುಗಳನ್ನು ನಿರ್ಮಿಸಿತು. ಅಲ್ಲಿ ಸೊಪ್ಪು ಸವರುವುದು, ಕುಲುಮೆಯ ಇದ್ದಿಲಿಗಾಗಿ ಮರ ಸುಡುವುದು, ಬಗನಿಯ ಮರಕ್ಕೆ ಗಡಿಗೆ ಕಟ್ಟುವುದು ಎಲ್ಲಕ್ಕೂ ಅಪ್ಪಣೆ ಬೇಕಾಯಿತು. ತೋಟಿಗರು ಪಟ್ಟು ಹಿಡಿದು ಬೆಟ್ಟದ ಸವಲತ್ತನ್ನು ಉಳಿಸಿಕೊಂಡರು. ಒಂದು ಎಕರೆ ತೋಟಕ್ಕೆ ಘಟ್ಟದ ಮೇಲೆ 9 ಎಕರೆ ಸೊಪ್ಪಿನ ಬೆಟ್ಟ. ವನದುಃಖ ನಿವಾರಣೆಗೆಂದೇ ಸಭೆ ಕಟ್ಟಿ ಅರ್ಜಿ ಬರೆಯಬಲ್ಲವರು ನಮ್ಮಲ್ಲಿದ್ದರು. ಹೆಂಡ ಇಳಿಸುವವರ ಪರವಾಗಿ ಅರ್ಜಿ ಬರೆಯುವವರಾರು? ಅಬಕಾರಿ ಕಾಯಿದೆಯಂತೂ ಒಂದೊಂದು ಮರಕ್ಕೂ ತೆರಿಗೆ ಕಟ್ಟಿತು, ಇಳಿಸುವುದಕ್ಕೆ ಪರವಾನಗಿ, ಮಾರುವುದಕ್ಕೆ ಗುತ್ತಿಗೆ. ಥಾಣೆ ಕೊಲಾಬಾ ಕಡಲತೀರದ ಭಂಡಾರಿಗಳು 1880ರ ದಶಕದಲ್ಲಿ ಈ ಹೊಸ ಪದ್ಧತಿಯ ವಿರುದ್ಧ ಎದ್ದುನಿಂತರು. ಕಾಯಿದೆಯ ಪ್ರವೃತ್ತಿಯಾದರೂ ಯಾವ ಕಡೆಗಿತ್ತು? ಕಾಡಿನೊಳಗೆ ಚದುರಿದ ಸಾವಿರ ಮರಗಳ ಗಡಿಗೆಗಳನ್ನು ಎಣಿಸುವುದಕ್ಕಿಂತ ಒಂದು ಭಟ್ಟಿಯ ಬಾಗಿಲಲ್ಲಿ ಕುಳಿತು ತೆರಿಗೆ ಎಣಿಸುವುದು ಸುಲಭ. ಕ್ರಮೇಣ ಹದವಾದ ಹೆಂಡ ಹಿಂದೆ ಸರಿದು ಉರಿಯುವ ಸಾರಾಯಿ ಮುಂದೆ ಬಂತು. ಕತ್ತಿಯ ಚಾತುರ್ಯ ಬೇಕಿಲ್ಲದ ಪೇಯ ಅದು.

ಮುಂದೆ ನಡೆದದ್ದರಲ್ಲಿ ಒಂದು ವ್ಯಂಗ್ಯವಿದೆ. ಸ್ವಾತಂತ್ರ್ಯದ ಹೋರಾಟ ಬಂದಾಗ ಅಬಕಾರಿ ಆದಾಯ ಪರಕೀಯ ಸರಕಾರದ ದೊಡ್ಡ ಆಧಾರವಾಗಿತ್ತು. ಸಹಜವಾಗಿಯೇ ಪಾನನಿರೋಧ ರಾಷ್ಟ್ರಧರ್ಮವಾಯಿತು. 1930ರ ದಶಕದಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಯಲ್ಲಿ ಮನೆಮಠ ಕಳೆದುಕೊಂಡ ತ್ಯಾಗ ನಮ್ಮ ಜಿಲ್ಲೆಯ ಹೆಮ್ಮೆ. ಅದೇ ದಶಕದಲ್ಲಿ ಅತ್ತ ಮೈಸೂರು ಸೀಮೆಯಲ್ಲಿ, 1939ರಲ್ಲಿ, ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಕಾಂಗ್ರೆಸ್ಸಿನವರು ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದರು. ಗೊಂಚಲಿನ ತುದಿಯನ್ನು ಕಾಗದದಷ್ಟು ತೆಳುವಾಗಿ ಸೀಳುತ್ತಿದ್ದ ಅಲಗಿನ ಜಾಗದಲ್ಲಿ ಬುಡಕ್ಕೇ ಕೊಡಲಿ ಬಿತ್ತು. ಆ ಸತ್ಯಾಗ್ರಹಿಗಳ ಧೀರತನದ ಬಗ್ಗೆ ನನಗೆ ಎಳ್ಳಷ್ಟೂ ಅಗೌರವವಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ಕಂಡಿದ್ದೇನೆ. ಆದರೆ ಮರ ಕಡಿದಾಗ ಕುಡಿತ ನಿಂತಿತೋ, ಒಬ್ಬನ ವಿದ್ಯೆ ನಿಂತಿತೋ ಎಂಬ ಪ್ರಶ್ನೆಯನ್ನು ಚರಿತ್ರೆ ಓದುವವನು ಕೇಳಲೇಬೇಕಾಗುತ್ತದೆ. ವಿಚಿತ್ರವೆಂದರೆ ಕನ್ನಡ ಕಾವ್ಯ ಅದೇ ದಶಕದಲ್ಲಿ ಕುಡುಕ ರತ್ನನನ್ನು ಎದೆಗಪ್ಪಿಕೊಂಡಿತು. ಜಿ. ಪಿ. ರಾಜರತ್ನಂ ಅವರ ಆ ಪದಗಳನ್ನು ಹೆಂಡದ ರುಚಿಯೇ ಅರಿಯದ ಮನೆಗಳಲ್ಲೂ ಹಾಡಿದರು. ಹೆಂಡ ಕುಡಿದವನಿಗೆ ಕವಿ ಸಿಕ್ಕಿದ. ಹೆಂಡ ಇಳಿಸಿದವನಿಗೆ ಸಿಗಲಿಲ್ಲ.

ಸ್ವಾತಂತ್ರ್ಯಾನಂತರದ ಕತೆಯನ್ನು ಬೇಗ ಮುಗಿಸುತ್ತೇನೆ. 1949ರ ಮುಂಬಯಿ ಪಾನನಿರೋಧ ಕಾಯಿದೆಯಿಂದ 1950ರಲ್ಲಿ ಪ್ರಾಂತವಿಡೀ ಗಡಿಗೆಗಳು ಕೆಳಗಿಳಿದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1967ರಲ್ಲಿ ಪಾನನಿರೋಧ ಸಡಿಲಿತು. ಆದರೆ ತಿರುಗಿ ಬಂದದ್ದು ಗುತ್ತಿಗೆದಾರನ ಸಾರಾಯಿ. 2007ರ ಜುಲೈ 1ರಿಂದ ಸಾರಾಯಿಯೂ ನಿಷಿದ್ಧವಾಯಿತು. ಈಗ ಪೇಟೆಯ ಅಂಗಡಿಯ ಗಾಜಿನ ಹಿಂದೆ ಬಣ್ಣಬಣ್ಣದ ಸೀಸೆಗಳಿವೆ. ಅವುಗಳಲ್ಲಿ ಯಾವುದೂ ಈ ಘಟ್ಟದ ಮರದಿಂದ ಇಳಿದದ್ದಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಚಿತ್ರ ಕನ್ನಡ ನಾಡಿನಲ್ಲೇ ಇರುವುದರಿಂದ ಅದನ್ನೂ ಹೇಳಬೇಕು. ಕೊಡಗಿನಲ್ಲಿ ಕತ್ತಿಯೂ ಪೇಯವೂ ಅಗಲಲಿಲ್ಲ. ಅಲ್ಲಿಯ ಗಂಡಸರ ಹಬ್ಬದ ಉಡುಪಿನಲ್ಲಿ ನಡುಕಟ್ಟಿಗೆ ಸಿಕ್ಕಿಸಿದ ಪೀಚೆಕತ್ತಿ ಎದುರಿಗೆ, ಅಗಲವಾಗಿ ಬಾಗಿದ ಒಡಿಕತ್ತಿ ಬೆನ್ನ ಹಿಂದೆ ಲೋಹದ ಹಿಡಿಕೆಯೊಂದರಲ್ಲಿ. ನಮ್ಮ ಕಡೆಯ ಕೆಲಸಗಾರರು ಸೊಂಟದ ಹಿಂದೆ ಕತ್ತಿ ಸಿಕ್ಕಿಸಿಕೊಳ್ಳುವ ಕೊಕ್ಕೆಯನ್ನು ನೋಡಿದವರಿಗೆ ಈ ಎರಡರ ಬಳಗ ಒಂದೇ ಎಂಬುದು ಹೊಳೆಯದಿರದು. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆಯ ದಿಂಡು ಕಡಿಯುವುದು ಒಂದು ಗೌರವದ ವಿಧಿ. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಆಯುಧಗಳನ್ನು ಶೃಂಗರಿಸಿ ಪೂಜಿಸುತ್ತಾರೆ. ಊಟದೊಡನೆ ಪಾನವೂ ಸಂಕೋಚವಿಲ್ಲದೆ ನಡೆಯುತ್ತದೆ. ಅಲ್ಲಿಯೂ ಬೈನೆಯ ಕಳ್ಳಿಗೆ ಹಳೆಯ ಮನ್ನಣೆಯುಂಟು. ಕೊಡಗರಿಗೇಕೆ ಇದು ಸಾಧ್ಯವಾಯಿತು? 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಶಸ್ತ್ರನಿರ್ಬಂಧದಿಂದ ವಿನಾಯಿತಿ ಕೊಟ್ಟ. ಅದು ರೂಪಾಂತರಗೊಳ್ಳುತ್ತ ಉಳಿದು ಬಂದು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಅಂದರೆ 2029ರ ತನಕ, ವಿಸ್ತರಣೆಗೊಂಡಿದೆ. ರಾಜನಿಷ್ಠೆಗೆ ಸಂದ ಬಹುಮಾನವೆಂದು ಕೆಲವರು ಮೂಗು ಮುರಿದಾರು. ಇರಬಹುದು. ಆದರೂ ಒಂದು ಸರಕಾರಿ ಕಾಗದ ಒಂದು ಸಮುದಾಯದ ಕತ್ತಿಯನ್ನು ಸೊಂಟದಲ್ಲೇ ಇರಗೊಟ್ಟರೆ ಸಂಸ್ಕೃತಿಯಾಗುತ್ತದೆ. ಇನ್ನೊಂದು ಕಾಗದ ಇನ್ನೊಂದು ಸಮುದಾಯದ ಕತ್ತಿಯನ್ನು ಅಟ್ಟಕ್ಕೇರಿಸಿದರೆ ಮೂರು ತಲೆಮಾರುಗಳಲ್ಲಿ ಅದು ಗುಜರಿಯಾಗುತ್ತದೆ.

ಗುಜರಿಯ ಮಾತು ಸುಮ್ಮನೆ ಬಂದದ್ದಲ್ಲ. ನನ್ನ ಸಂಗ್ರಹದ ಹಲವು ಕತ್ತಿಗಳು ಬಂದದ್ದು ಹಳೇ ಕಬ್ಬಿಣದ ರಾಶಿಗಳಿಂದಲೇ. ತೂಕದ ಮೇಲೆ ಕೊಂಡವು ಅವು. ಈಗಿನ ಕತ್ತಿಗಳನ್ನು ಲಾರಿಯ ಕಮಾನುಪಟ್ಟಿಯಿಂದ ಬಡಿಯುತ್ತಾರೆ. ಗಟ್ಟಿಯಾಗಿಯೇ ಇರುತ್ತವೆ, ದೂರುವಂತಿಲ್ಲ. ಆದರೆ ಹದ ಹಾಕುವಾಗ ಅಲಗಿನ ಬಣ್ಣ ನೋಡಿ ನೀರಿಗದ್ದುವ ಕಣ್ಣು ಅಪರೂಪವಾಗುತ್ತಿದೆ. ‘ಉಕ್ಕು’ ಎಂಬ ನಮ್ಮ ಮಾತೇ ಅಪಭ್ರಂಶವಾಗಿ ‘ವೂಟ್ಜ್’ ಎಂದು ಯುರೋಪು ಸೇರಿತೆಂದೂ ಆ ಲೋಹದ ರಹಸ್ಯವನ್ನು ಮೈಕೇಲ್ ಫ್ಯಾರಡೆಯಂಥ ವಿಜ್ಞಾನಿ 1819ರಲ್ಲಿ ಪರೀಕ್ಷಿಸಿದನೆಂದೂ ಹೇಳಿ ನಾವು ಸಂತೋಷಪಡುತ್ತೇವೆ. ಹೊನ್ನಾಳಿಯ ಚಡಿಯಷ್ಟೇ ಪ್ರಸಿದ್ಧವಾಗಬೇಕಾಗಿದ್ದ ನಮ್ಮ ಹಳ್ಳಿಯ ಆಚಾರಿಗಳ ಅಲಗುಗಳ ಬಗ್ಗೆ ಮಾತ್ರ ಒಂದು ಪುಟವೂ ಬರೆದಿಲ್ಲ.

ಸಂಗ್ರಹಕಾರನಿಗೆ ಕಾನೂನಿನ ತೊಡಕೇನಾದರೂ ಉಂಟೆ ಎಂದು ಕೆಲವರು ಕೇಳುತ್ತಾರೆ. ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯಿದೆಯ ಕೆಳಗೆ ಮಾಡಿದ 1962ರ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ವರ್ಗಕ್ಕೆ ಸೇರಿಸಿ, ಗೃಹಕೃತ್ಯಕ್ಕೂ ಬೇಸಾಯಕ್ಕೂ ಮಾಡಿದವುಗಳನ್ನು ಬಿಟ್ಟುಕೊಟ್ಟವು. ಹೀಗಾಗಿ ಹೆಂಡ ಇಳಿಸುವ ಕತ್ತಿಯನ್ನು ನಾನು ನಿಶ್ಚಿಂತನಾಗಿ ಗೋಡೆಗೆ ತೂಗುಹಾಕಬಹುದು. ಅದರ ತುದಿಯಿಂದ ಒಂದು ಹನಿ ಹೆಂಡ ಇಳಿಸಬೇಕಾದರೆ ಮಾತ್ರ ಪರವಾನಗಿಯಿಲ್ಲದೆ ಆಗದು. 1878ರಲ್ಲಿ ಆರಂಭವಾದ ಅಗಲಿಕೆ ನನ್ನ ಗೋಡೆಯ ಮೇಲೆ ಪೂರ್ಣವಾಗಿದೆ ಎನ್ನಬಹುದು.

ಆ ಕತ್ತಿಯ ಬಗ್ಗೆ ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ಮೇಲೆ ಹೇಳಿದ ಮುದುಕರದೇ ಅದು. ಗೇಣುದ್ದದ ಅಲಗು, ಕರಡಿನಷ್ಟು ತೆಳುವಾದ ಅಂಚು, ಹಿಡಿ ಬಗನಿಯದೇ. ಅವರು ತೀರಿಕೊಂಡ ಮೇಲೆ ಮನೆಯವರು ತಾವಾಗಿಯೇ ತಂದುಕೊಟ್ಟಿದ್ದರು. ನಾನು ಕೊಟ್ಟ ಹಣವನ್ನು ಮುಟ್ಟಲಿಲ್ಲ. ಎರಡು ವರ್ಷದ ನಂತರ ಮೊಮ್ಮಗ ಬಂದು, “ಆಯುಧಪೂಜೆಗೆ ಒಂದ್ ದಿನ ಬೇಕಾಗಿತ್ತು ಹೆಗಡೇರೇ, ಅಜ್ಜನ ಕತ್ತಿ ಇಲ್ದೇ ಪೂಜೆ ಮಾಡೂದು ಸರಿ ಕಾಣೂದಿಲ್ಲ ಅಂತಾರೆ ಮನೇಲಿ” ಎಂದ. ಕೊಟ್ಟೆ. ಅಂದಿನಿಂದ ಪ್ರತಿ ನವರಾತ್ರಿಗೂ ಕತ್ತಿ ಅವರ ಮನೆಗೆ ಹೋಗುತ್ತದೆ. ಒಂದು ದಿನಕ್ಕೆಂದು ಹೋದದ್ದು ಕೆಲವು ವರ್ಷ ಒಂದು ತಿಂಗಳಾದ ಮೇಲೆ ಬರುವುದೂ ಉಂಟು. ಕುಂಕುಮದ ಗುರುತು ಹಾಗೆಯೇ ಇರುತ್ತದೆ. ಅಂಚು ಹೋದಾಗಿನದಕ್ಕಿಂತ ಹರಿತವಾಗಿರುತ್ತದೆ. ಏಕೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಈ ಸಲ ನವರಾತ್ರಿಗೆ ಮೊದಲೇ ಕತ್ತಿಯನ್ನು ಕಳಿಸಿಬಿಟ್ಟಿದ್ದೇನೆ. ತಿರುಗಿ ತರುವ ಅವಸರವೇನೂ ಬೇಡವೆಂದು ಹೇಳಿದ್ದೇನೆ.